ಹನ್ನೆರಡು ಗುಳಿಯ ಹಲಗೆ

ನಮ್ಮ ಕೈ ಕೊಳಕು ಎಂದು ಬರೆದಿದ್ದ ಕಾಗದಕ್ಕೆ ನಮ್ಮದೇ ಕೈಯ ಹೆಬ್ಬೆಟ್ಟು ಬೇಕಾಗಿತ್ತು.

ಕಾಗದ ತಂದವನು ಆಫೀಸಿನ ಗುಮಾಸ್ತ. ತೊಳೆಯುವ ತೊಟ್ಟಿಯಿಂದ ಮಾರು ದೂರ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ಓದಿದ. ಬಸ್ಸುಗಳ ಎಂಜಿನ್ ಭಾಗಗಳನ್ನು ಸರಿಯಾಗಿ ತೊಳೆಯದೆ ಕೊಳೆ ಉಳಿಸಿದ್ದು ನಿಜ. ಅದರಿಂದ ಎಂಟು ಎಂಜಿನ್ನುಗಳು ಅಕಾಲದಲ್ಲಿ ಸವೆದದ್ದು ನಿಜ. ತಪ್ಪು ನನ್ನದು. ಕೆಳಗೆ ನನ್ನ ಅತ್ತಿಗೆಯ ಹೆಸರು. ತೊಳೆಯುವ ನಾಲ್ವರಲ್ಲಿ ಹಿರಿಯಳು ಅವಳೇ. ಒತ್ತಿದರೆ ಅವಳೊಬ್ಬಳ ಕೆಲಸ ಹೋಗುತ್ತದೆ. ಒತ್ತದಿದ್ದರೆ ವಿಚಾರಣೆ ನಡೆದು ನಾಲ್ವರ ಕೆಲಸವೂ ಹೋಗುತ್ತದೆ. ಇಷ್ಟು ಹೇಳಿ ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟ.

ಅತ್ತಿಗೆ ಕೈ ಒರೆಸಿಕೊಂಡು, ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿದಳು. ಕಾಗದದ ಮೇಲೆ ಒಂದು ನೀಲಿ ಬೊಟ್ಟು ಮೂಡಿತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

"ಸರಿಯಾಗಿ ಒತ್ತಮ್ಮ."

ಮತ್ತೆ ಒತ್ತಿದಳು. ಮತ್ತೆ ಬೊಟ್ಟು. ಎಡಗೈದೂ ಆಯಿತು, ತೋರುಬೆರಳೂ ಆಯಿತು. ಕಾಗದದ ತುಂಬ ನೀಲಿ ಕಲೆ. ಅಕ್ಷರಗಳೆಲ್ಲ ಶಾಯಿಯಲ್ಲಿ ಮುಳುಗಿದವು.

"ಇದೇನಮ್ಮ, ನಿನ್ನ ಬೆರಳಲ್ಲಿ ಗೆರೇನೇ ಇಲ್ವಲ್ಲ!"

"ತೊಟ್ಟೀಲಿ ಹುಡುಕಿ ಸಾರ್. ಹತ್ತೊಂಬತ್ತು ವರ್ಷದಿಂದ ಅಲ್ಲೇ ಎಲ್ಲೋ ಬಿದ್ದಿರ್ಬೇಕು," ಎಂದಳು ಅತ್ತಿಗೆ.

ಗುಮಾಸ್ತ ಹಾಳಾದ ಕಾಗದ ಮಡಚಿಕೊಂಡು ಹೊರಟುಹೋದ. ನಾನು ಕೇಳಿದೆ.

"ಅಲ್ಲ ಅತ್ತಿಗೆ, ನಿಂಗೆ ಸಹಿ ಮಾಡೋಕೆ ಬರುತ್ತಲ್ಲ?"

"ಬರುತ್ತೆ. ಅವನು ಕೇಳಿದ್ನಾ?"

ನನ್ನ ಅತ್ತಿಗೆ ಅಂದರೆ ಹೀಗೆ. ಅಣ್ಣನನ್ನು ಮದುವೆಯಾಗಿ ಬಂದ ಮರುವರ್ಷವೇ ಈ ವರ್ಕ್‌ಶಾಪಿಗೆ ಸೇರಿದವಳು. ನನ್ನನ್ನು ಸೇರಿಸಿದವಳೂ ಅವಳೇ. ಊರಿನ ಬಸ್ಸುಗಳ ಎಂಜಿನ್ನು ಕೆಟ್ಟರೆ ಬಿಚ್ಚುವುದು ಇಲ್ಲೇ. ಬಿಚ್ಚಿದ ಪ್ರತಿಯೊಂದು ತುಂಡೂ ಮೊದಲು ನಮ್ಮ ಕೈಗೆ ಬರುತ್ತದೆ. ಕುದಿಯುವ ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಅದ್ದಬೇಕು, ಎತ್ತಬೇಕು, ಡೀಸೆಲ್ಲಿನಲ್ಲಿ ತಂತಿ ಬ್ರಷ್ಷು ಹಾಕಿ ಉಜ್ಜಬೇಕು. ಒಂದೊಂದು ಸಿಲಿಂಡರ್ ಹೆಡ್ಡು ಎತ್ತುವಾಗ ಸೊಂಟದಲ್ಲಿ ಲಟಕ್ ಎನ್ನುತ್ತದೆ. ಕೈಗೆ ಕೊಟ್ಟ ರಬ್ಬರ್ ಗ್ಲೌಸು ಒಂದು ವಾರ ಬಾಳುತ್ತದೆ, ಮುಂದಿನ ಜೊತೆ ಬರುವುದು ಆರು ತಿಂಗಳಿಗೆ. ನಡುವಿನ ದಿನಗಳಲ್ಲಿ ನಮ್ಮ ಚರ್ಮವೇ ಗ್ಲೌಸು. ಅನ್ನ ಕಲಸುವಾಗ ಡೀಸೆಲ್ ವಾಸನೆ, ತಲೆ ಬಾಚುವಾಗ ಡೀಸೆಲ್ ವಾಸನೆ. ಗಂಡಂದಿರು ಮುಖ ತಿರುಗಿಸಿ ಮಲಗುತ್ತಾರೆ. ಮಲಗಲಿ ಬಿಡಿ, ಅದೊಂದು ನಿರಾಳ.

ತೊಳೆದದ್ದನ್ನು ಪರೀಕ್ಷೆಗೆ ಕೊಡಬೇಕು. ಮೊದಲು ಶೆಡ್ಡಿನಲ್ಲೇ ಹೆಡ್ ಫಿಟ್ಟರನ ಬೆಂಚಿತ್ತು. ಅವನ ಮುಂದೆ ಇಟ್ಟು ಬರುತ್ತಿದ್ದೆವು. ಒಂದು ವರ್ಷದ ಹಿಂದೆ ಗಾಜಿನ ಕೋಣೆ ಕಟ್ಟಿದರು. ‘ಧೂಳುರಹಿತ ಪರೀಕ್ಷಾ ಕೊಠಡಿ’ ಎಂದು ಬೋರ್ಡು ಹಾಕಿದರು. ಅದರೊಳಗೆ ಕೂರಲು ಯಾವುದೋ ದೊಡ್ಡ ಕಾರ್ಖಾನೆಯಿಂದ ಒಬ್ಬ ಇನ್‌ಸ್ಪೆಕ್ಟರ್ ಬಂದ. ಮೈತುಂಬ ಬಿಳಿ ಕೋಟು. ನಾವು ಅವನಿಗೆ ಬಿಳಿಕೋಟು ಎಂದೇ ಹೆಸರಿಟ್ಟೆವು, ಬೆನ್ನ ಹಿಂದೆ. ಅವನು ನಮ್ಮನ್ನು ‘ವಾಷಿಂಗು’ ಎಂದು ಕರೆಯುತ್ತಿದ್ದ, ಎದುರಿಗೇ.

ಬಿಳಿಕೋಟಿನ ಮೊದಲ ಆಜ್ಞೆಯೇ ನಮ್ಮ ಮೇಲೆ. ವಾಷಿಂಗಿನವರು ಬಾಗಿಲೊಳಗೆ ಕಾಲಿಡಕೂಡದು. ಗೋಡೆಯಲ್ಲಿ ಒಂದು ಕಿಟಕಿ ಕೊರೆಸಿದ. ಒಂದು ಗೇಣು ಅಗಲ, ಒಂದು ಗೇಣು ಎತ್ತರ. ಕಿಟಕಿಯೊಳಗೆ ಇಳಿಜಾರಿನ ತಗಡು, ತಗಡಿನ ಕೆಳಗೆ ಥಳಥಳ ಹೊಳೆಯುವ ಸ್ಟೀಲ್ ಬುಟ್ಟಿ. ತೊಳೆದ ಸಣ್ಣ ಭಾಗಗಳನ್ನು ಅಲ್ಲಿಂದ ಸುರಿಯಬೇಕು. ಗಡಗಡ ಸದ್ದು ಬಂದರೆ ಅವನು ಒಳಗಿನಿಂದ ಬುಟ್ಟಿ ಎಳೆದುಕೊಳ್ಳುತ್ತಾನೆ.

ಧೂಳಿನ ಭಯ ಇರಬಹುದೇನೋ ಎಂದು ಮೊದಮೊದಲು ನಾನೂ ನಂಬಿದ್ದೆ. ಆಮೇಲೆ ನೋಡಿದರೆ ಗ್ರೀಸು ಮೆತ್ತಿದ ಅಂಗಿಯ ಫಿಟ್ಟರುಗಳು ಬಾಗಿಲಲ್ಲೇ ಹೋಗುತ್ತಿದ್ದಾರೆ. ಚಹಾದವನು ಬಾಗಿಲಲ್ಲೇ ಹೋಗುತ್ತಾನೆ. ಒಂದು ದಿನ ಬೆಕ್ಕೂ ಬಾಗಿಲಲ್ಲೇ ಹೋಗಿ ಬಿಳಿಕೋಟಿನ ಕುರ್ಚಿಯ ಮೇಲೆ ಮಲಗಿತ್ತು. ಅವನು ಅದರ ತಲೆ ಸವರಿದ. ಅಲ್ಲಿಗೆ ನನಗೆ ಧೂಳು ಯಾವುದು ಎಂದು ತಿಳಿಯಿತು. ನಾವೇ.

ಈಗ ಹಲಗೆಯ ವಿಷಯಕ್ಕೆ ಬರಬೇಕು. ಅದು ಅತ್ತಿಗೆಯದು.

ಎಂಜಿನ್ನಿನೊಳಗೆ ಕ್ಯಾಮ್ ಎಂಬ ಉದ್ದನೆಯ ದಂಡವಿರುತ್ತದೆ. ಅದರ ಮೈಮೇಲೆ ಮೊಟ್ಟೆಯಾಕಾರದ ಹನ್ನೆರಡು ಉಬ್ಬು. ಒಂದೊಂದು ಉಬ್ಬಿನ ಮೇಲೂ ಒಂದೊಂದು ಟ್ಯಾಪೆಟ್ಟು ಕೂತಿರುತ್ತದೆ, ಹೆಬ್ಬೆರಳು ಗಾತ್ರದ ಉಕ್ಕಿನ ಲೋಟದ ಹಾಗೆ. ಕ್ಯಾಮ್ ತಿರುಗಿದಾಗ ಉಬ್ಬು ಟ್ಯಾಪೆಟ್ಟನ್ನು ಮೇಲಕ್ಕೆ ದೂಡುತ್ತದೆ. ಟ್ಯಾಪೆಟ್ಟು ಒಂದು ಸರಳನ್ನು ದೂಡುತ್ತದೆ, ಸರಳಿನ ದೂಡುವಿಕೆಗೆ ವಾಲ್ವು ತೆರೆಯುತ್ತದೆ. ಹೀಗೆ ಹಗಲಿಡೀ ದೂಡುತ್ತ, ತನ್ನ ಜಾಗದಲ್ಲೇ ಮೆಲ್ಲಗೆ ಸುತ್ತುತ್ತ, ಒಂದೊಂದು ಟ್ಯಾಪೆಟ್ಟೂ ತನ್ನ ತನ್ನ ಉಬ್ಬಿಗೆ ಹೊಂದಿಕೊಂಡು ಸವೆಯುತ್ತದೆ. ಹೊಸತಾದರೆ ಯಾವುದನ್ನು ಎಲ್ಲಿ ಹಾಕಿದರೂ ನಡೆದೀತು. ಹಳೆಯದನ್ನು ಮತ್ತೆ ಹಾಕುವುದಾದರೆ ಅದರದೇ ಮನೆಗೆ ಹಾಕಬೇಕು. ಬೇರೆ ಮನೆಗೆ ಹೋದರೆ ಸುತ್ತುವುದನ್ನೇ ಬಿಡುತ್ತದೆ. ಒಂದೇ ಕಡೆ ಉಜ್ಜಿಸಿಕೊಂಡು ತಾನೂ ಹಾಳಾಗಿ ಉಬ್ಬನ್ನೂ ತಿಂದುಹಾಕುತ್ತದೆ.

ಇದನ್ನು ಅತ್ತಿಗೆಗೆ ಯಾರೂ ಹೇಳಿಕೊಡಲಿಲ್ಲ. ಸಾವಿರಾರು ಟ್ಯಾಪೆಟ್ಟು ತೊಳೆದು ಅವಳೇ ಕಂಡುಕೊಂಡಿದ್ದಳು. ಬಸ್ಸಿನ ಸೀಟು ರಿಪೇರಿ ಮಾಡುವ ಬಡಗಿಯಿಂದ ಒಂದು ಹಲಗೆ ಮಾಡಿಸಿದ್ದಳು. ಒಂದು ಮೊಳ ಅಗಲ, ಎರಡು ಮೊಳ ಉದ್ದ, ಟ್ಯಾಪೆಟ್ಟಿಗೆ ಹನ್ನೆರಡು ಗುಳಿ, ಪಕ್ಕದಲ್ಲೇ ಸರಳು ಮಲಗಿಸಲು ಹನ್ನೆರಡು ಉದ್ದನೆಯ ತೋಡು. ಎಂಜಿನ್ ಬಿಚ್ಚುವಾಗಲೇ ಹೋಗಿ ನಿಂತು, ಒಂದನೆಯದನ್ನು ಒಂದನೇ ಗುಳಿಗೆ, ಎರಡನೆಯದನ್ನು ಎರಡನೇ ಗುಳಿಗೆ ಇಳಿಸಿಕೊಳ್ಳುತ್ತಿದ್ದಳು. ತೊಳೆಯುವಾಗಲೂ ಒಂದೊಂದನ್ನೇ ತೆಗೆದು ತೊಳೆದು ಅಲ್ಲೇ ಇಡುತ್ತಿದ್ದಳು. ನನಗೂ ಅದನ್ನೇ ಕಲಿಸಿದಳು. ಒಮ್ಮೆ ಎರಡು ಟ್ಯಾಪೆಟ್ಟು ಅದಲುಬದಲು ಮಾಡಿದ್ದಕ್ಕೆ ಬ್ರಷ್ಷಿನಿಂದ ನನ್ನ ಗೆಣ್ಣಿಗೆ ಬಾರಿಸಿದ್ದಳು.

ಆ ಹಲಗೆ ಗೇಣಗಲದ ಕಿಟಕಿಯಲ್ಲಿ ಹೋಗುವುದಿಲ್ಲ.

"ಸಾರ್, ಇದು ಸಾಲಾಗಿದೆ. ಸುರಿದ್ರೆ ಸಾಲು ಕೆಡುತ್ತೆ," ಎಂದಳು ಅತ್ತಿಗೆ ಮೊದಲ ದಿನ.

"ಎಲ್ಲಾ ಒಂದೇ ನಂಬರಿನ ಪಾರ್ಟು. ಸುರೀರಿ," ಎಂದ ಬಿಳಿಕೋಟು.

"ಹಳೇದು ಸಾರ್ ಇವು. ಒಂದೊಂದ್ರದ್ದು ಒಂದೊಂದು ಮನೆ."

"ನಿಮ್ಮ ಕೆಲಸ ತೊಳೆಯೋದು. ತೊಳೀರಿ. ಯೋಚನೆ ಮಾಡೋಕೆ ನಾವಿದ್ದೀವಿ."

ಅವನು ಬಂದ ಕಾರ್ಖಾನೆಯಲ್ಲಿ ಎಲ್ಲವೂ ಹೊಸ ಭಾಗಗಳೇ. ಹಳೆಯದನ್ನು ಮತ್ತೆ ಹಾಕುವ ಜಾಗದಲ್ಲಿ ಅವನು ಒಂದು ದಿನವೂ ಕೆಲಸ ಮಾಡಿದವನಲ್ಲ. ಅತ್ತಿಗೆ ಹಲಗೆ ಓರೆ ಮಾಡಿದಳು. ಹನ್ನೆರಡೂ ಗಡಗಡ ಉರುಳಿದವು. ಆ ಸದ್ದು ಕೇಳಿ ಅವಳ ಮುಖ ಹೇಗಾಯಿತು ಎಂದು ನಾನು ನೋಡಿದ್ದೇನೆ. ನನಗೆ ಅಂದೇ ಮೈ ಉರಿದುಹೋಗಿತ್ತು.

ನಾಲ್ಕು ತಿಂಗಳಾಗುವಷ್ಟರಲ್ಲಿ ಬಸ್ಸುಗಳು ವಾಪಸು ಬರತೊಡಗಿದವು. ಟಕ ಟಕ ಟಕ ಎಂದು ಎಂಜಿನ್ನು ಬಡಿದುಕೊಳ್ಳುತ್ತಿತ್ತು. ದಿಣ್ಣೆ ಹತ್ತುವಾಗ ಪ್ರಯಾಣಿಕರು ಇಳಿದು ನಡೆಯಬೇಕು ಎಂದು ಡ್ರೈವರುಗಳು ಗೇಟಿನಲ್ಲಿ ನಿಂತು ಬೈದರು. ಬಿಚ್ಚಿ ನೋಡಿದರೆ ಟ್ಯಾಪೆಟ್ಟುಗಳು ಸವೆದಿವೆ, ಕ್ಯಾಮಿನ ಉಬ್ಬುಗಳು ಚಪ್ಪಟೆಯಾಗಿವೆ. ಬಿಳಿಕೋಟು ಒಂದು ಟ್ಯಾಪೆಟ್ಟನ್ನು ಚಿಮುಟದಲ್ಲಿ ಎತ್ತಿ ನೋಡಿ ವರದಿ ಬರೆದ. ಕಾರಣ: ಕೊಳೆ. ತೊಳೆಯುವವರ ನಿರ್ಲಕ್ಷ್ಯ.

ಆದರೆ ಸವೆದದ್ದೂ ತೊಳೆಯಲು ಬರುವುದು ನಮ್ಮ ಹತ್ತಿರವೇ ಅಲ್ಲವೇ? ಅವನು ಒಂದನ್ನು ನೋಡಿದ. ನಾವು ಎಲ್ಲವನ್ನೂ ನೋಡಿದೆವು.

ಕೊಳೆ ಉಳಿದಿದ್ದರೆ, ಮರಳು ಉಳಿದಿದ್ದರೆ, ಅದು ಎಣ್ಣೆಯ ಜೊತೆ ಎಂಜಿನ್ನಿನ ಮೂಲೆಮೂಲೆಗೂ ಹೋಗುತ್ತದೆ. ಬೇರಿಂಗುಗಳ ಮೇಲೆ ಗೀರು ಬೀಳಬೇಕು. ಬೇರಿಂಗುಗಳು ಕನ್ನಡಿಯ ಹಾಗಿದ್ದವು. ನಾನು ಅದರಲ್ಲಿ ಮುಖ ನೋಡಿಕೊಂಡೆ, ಹಲ್ಲಿನ ಸಂದಿಯ ಸೊಪ್ಪೂ ಕಂಡಿತು. ಹಾಳಾಗಿದ್ದದ್ದು ಟ್ಯಾಪೆಟ್ಟು ಮತ್ತು ಉಬ್ಬು ಮಾತ್ರ. ಟ್ಯಾಪೆಟ್ಟಿನ ಮುಖದ ಮೇಲೆ ಸಣ್ಣ ಸಣ್ಣ ಬಳೆಗಳಂಥ ಗುರುತಿದ್ದರೆ ಅದು ಸುತ್ತುತ್ತಿದೆ, ಆರೋಗ್ಯವಾಗಿದೆ ಎಂದರ್ಥ. ಇವುಗಳ ಮುಖದ ಮೇಲೆ ನಟ್ಟನಡುವೆ ಒಂದೇ ನೇರ ಗಾಯ. ಒಳ್ಳೆಯ ಎರಡು ಟ್ಯಾಪೆಟ್ಟುಗಳನ್ನು ಮುಖಕ್ಕೆ ಮುಖ ಕೊಟ್ಟು ಹಿಡಿದರೆ ಕೂದಲೆಳೆಯಷ್ಟು ಆಚೀಚೆ ತೂಗುತ್ತವೆ, ಏಕೆಂದರೆ ಮುಖ ಕೊಂಚ ಉಬ್ಬಿರುತ್ತದೆ. ಇವು ತೂಗಲಿಲ್ಲ. ಮುಖ ಒಳಕ್ಕೆ ಕುಸಿದಿತ್ತು.

ಅತ್ತಿಗೆ ಕಣ್ಣುಮುಚ್ಚಿ ಬೆರಳಲ್ಲಿ ಸವರಿ ಹೇಳಿದಳು. "ಇವು ಮನೆ ತಪ್ಪಿದಾವೆ ಕಣೇ."

ಹೆಡ್ ಫಿಟ್ಟರನಿಗೂ ಇದು ಗೊತ್ತಿತ್ತು. ಮೂವತ್ತು ವರ್ಷ ಎಂಜಿನ್ನು ಕಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೇಳಿದೆ.

"ಅಣ್ಣ, ಬುಟ್ಟೀಲಿ ಕಲಸಿ ಬಂದಿದ್ದನ್ನ ನೀವು ಹ್ಯಾಗೆ ಜೋಡಿಸ್ತೀರಿ?"

"ಅಳತೆ ಸರಿ ಇದೆ ಅಂತ ಅವರು ಚೀಟಿ ಕೊಡ್ತಾರಮ್ಮ. ಕೈಗೆ ಸಿಕ್ಕಿದ್ದು ಹಾಕ್ತೀನಿ. ನಂಗ್ಯಾಕೆ ಊರ ಉಸಾಬರಿ."

ಅವನ ಉಸಾಬರಿ ಅವನಿಗೆ ಬೇಡ. ಅದರ ಫಲ ಮಾತ್ರ ನಮ್ಮ ತಲೆಗೆ. ಆ ದಿನ ನಾನು ಒಂದು ಕೆಲಸ ಮಾಡಿದೆ. ಹೇಳಿ ಮಾಡುವ ಕೆಲಸವಲ್ಲ ಅದು. ಟೂಲ್ ರೂಮಿನ ತಾತನ ಹತ್ತಿರ ಉಕ್ಕಿನ ಮೇಲೆ ಕೆತ್ತುವ ಕರೆಂಟಿನ ಪೆನ್ನಿದೆ. ಸ್ಪ್ಯಾನರುಗಳು ಕಳುವಾಗದಂತೆ ಗುರುತು ಹಾಕಲು ಇಟ್ಟಿದ್ದು.

"ಯಾಕಮ್ಮ ಪೆನ್ನು?"

"ನನ್ನ ಊಟದ ಡಬ್ಬಿ ಕದೀತಾರೆ ತಾತ. ಹೆಸರು ಕೆತ್ತಬೇಕು."

ಡಬ್ಬಿಗೆ ಹೆಸರು ಕೆತ್ತಿದೆ, ಸುಳ್ಳಾಗಬಾರದಲ್ಲ. ಜೊತೆಗೆ ಆ ವಾರ ಬಂದ ಎಂಜಿನ್ನಿನ ಹನ್ನೆರಡು ಟ್ಯಾಪೆಟ್ಟುಗಳ ಒಳಬಾಯಿಗೂ ಕೆತ್ತಿದೆ. ಉಜ್ಜುವ ಜಾಗವಲ್ಲ ಅದು, ಎಂಜಿನ್ನಿಗೆ ತೊಂದರೆಯಿಲ್ಲ. ಒಂದನೆಯದಕ್ಕೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಹೀಗೆ ಹನ್ನೆರಡರವರೆಗೆ. ಆಮೇಲೆ ವಿಧೇಯಳಾಗಿ ಕಿಟಕಿಯಲ್ಲಿ ಸುರಿದೆ. ಅದು ಮೂವತ್ತೊಂದನೇ ನಂಬರಿನ ಬಸ್ಸು.

ಅದು ಕೆಡಲಿ ಎಂದು ನಾನು ಹರಕೆ ಹೊರಲಿಲ್ಲ. ಕೆಡುತ್ತದೆ ಎಂದು ಗೊತ್ತಿತ್ತು, ಅಷ್ಟೆ. ಗುಮಾಸ್ತನ ಕಾಗದ ಹಾಳಾದ ಮರುದಿನ ಮೂವತ್ತೊಂದು ಗೇಟಿನೊಳಗೆ ಬಂತು. ಟಕ ಟಕ ಟಕ. ನನಗೆ ಮದುವೆ ಮನೆಯ ಡೋಲಿನ ಹಾಗೆ ಕೇಳಿಸಿತು.

ಹೆಬ್ಬೆಟ್ಟು ಸಿಗದ್ದರಿಂದ ವಿಚಾರಣೆ ಗೊತ್ತಾಯಿತು. ಅದಕ್ಕೆ ಕೇಂದ್ರ ಕಚೇರಿಯಿಂದ ದೊಡ್ಡ ಇಂಜಿನಿಯರ್ ಮೇಡಂ ಬಂದರು. ಗಾಜಿನ ಕೋಣೆಯಲ್ಲಿ ಅವರು, ಮ್ಯಾನೇಜರು, ಬಿಳಿಕೋಟು, ಹೆಡ್ ಫಿಟ್ಟರು ಕೂತರು. ಆರೋಪಿ ಹೊರಗೆ ನಿಂತಳು. ನನ್ನ ಅತ್ತಿಗೆ ಗೇಣಗಲದ ಕಿಟಕಿಗೆ ಬಗ್ಗಿ, ಕತ್ತು ಓರೆ ಮಾಡಿ ಉತ್ತರ ಹೇಳಬೇಕು. ಒಳಗಿನವರಿಗೆ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಹತ್ತೊಂಬತ್ತು ವರ್ಷ ದುಡಿದವಳು ಕಳ್ಳಿಯ ಹಾಗೆ ಬಗ್ಗಿ ನಿಂತದ್ದು ನೋಡಿ, ಅಳುವ ಬದಲು ಬೇರೆ ಏನಾದರೂ ಮಾಡೋಣ ಎನ್ನಿಸಿತು.

ಗಾಜಿನ ಕೋಣೆಗೆ ಹೋಗುವವರು ಶೂ ಹೊರಗೆ ಬಿಡಬೇಕು. ಬಾಗಿಲ ಪಕ್ಕ ಮೂರು ಜೊತೆ ಸೇಫ್ಟಿ ಶೂ ಇದ್ದವು. ಸ್ಟೋರಿನಿಂದ ಒಂದೇ ದಿನ ಎಲ್ಲರಿಗೂ ಹಂಚಿದ್ದು, ಒಂದೇ ಕಪ್ಪು, ಒಂದೇ ಎಂಟನೇ ನಂಬರು. ಆದರೆ ಮ್ಯಾನೇಜರರದು ಹಿಮ್ಮಡಿಯ ಹೊರ ಅಂಚು ಸವೆದಿತ್ತು. ಬಿಳಿಕೋಟಿನದು ಒಳ ಅಂಚು. ಹೆಡ್ ಫಿಟ್ಟರನದು ಮುಂಗಾಲಿನ ಕಡೆ ಹಡಗಿನ ಹಾಗೆ ಮೇಲೆದ್ದಿತ್ತು. ಮೇಡಮ್ಮಿನ ಶೂವನ್ನು ನಾನು ಮುಟ್ಟಲಿಲ್ಲ. ಉಳಿದ ಮೂರರಲ್ಲಿ ಎಡಕ್ಕೆ ಒಬ್ಬರದು, ಬಲಕ್ಕೆ ಇನ್ನೊಬ್ಬರದು ಮಾಡಿ ಅಚ್ಚುಕಟ್ಟಾಗಿ ಜೋಡಿಸಿಟ್ಟೆ. ಧೂಳನ್ನೂ ಒರೆಸಿದೆ.

ಆಮೇಲೆ ಕಿಟಕಿಗೆ ಬಾಯಿಟ್ಟು ಕೂಗಿದೆ.

"ಮೇಡಂ, ಮೂವತ್ತೊಂದನೇ ಬಸ್ಸಿನ ಎಂಜಿನ್ನು ಶೆಡ್ಡಲ್ಲಿದೆ. ಇನ್ನೂ ಬಿಚ್ಚಿಲ್ಲ. ನಿಮ್ಮೆದುರಿಗೇ ಬಿಚ್ಚಿಸಿ. ಕೊಳೆ ಸಿಕ್ರೆ ನಾವು ನಾಲ್ಕೂ ಜನ ಇವತ್ತೇ ಮನೆಗೆ ಹೋಗ್ತೀವಿ."

"ಇವಳು ಯಾರು ನಡುವೆ ಬಾಯಿ ಹಾಕೋಕೆ?" ಎಂದ ಬಿಳಿಕೋಟು.

"ಅವಳ ನಾದಿನಿ," ಎಂದೆ. "ಮನೆಯವರು ಯಾರೂ ಬರಬಾರ್ದು ಅಂತ ಕಾಗದದಲ್ಲಿ ಬರೆದಿಲ್ಲ ಸಾರ್."

ಮೇಡಂ ಎದ್ದರು. ಅವರು ಎದ್ದ ಮೇಲೆ ಎಲ್ಲರೂ ಏಳಲೇಬೇಕು. ಗಡಿಬಿಡಿಯಲ್ಲಿ ಶೂ ಹಾಕಿಕೊಂಡರು. ಶೆಡ್ಡಿಗೆ ಐವತ್ತು ಹೆಜ್ಜೆ. ಮ್ಯಾನೇಜರು ಬಾತುಕೋಳಿಯಾದರು. ಬಿಳಿಕೋಟು ಒಂದು ಕಾಲು ಎತ್ತಿ ಎತ್ತಿ ಹಾಕುತ್ತಿದ್ದ. ಮೇಡಂ ಮುಂದೆ ಸರಸರ ನಡೆಯುತ್ತಿದ್ದರಿಂದ ನಿಂತು ನೋಡಿಕೊಳ್ಳಲು ಯಾರಿಗೂ ಧೈರ್ಯವಿಲ್ಲ. ನಮ್ಮ ಜೊತೆಯ ಇಬ್ಬರು ಹೆಂಗಸರು ತೊಟ್ಟಿಯ ಹಿಂದೆ ಅವಿತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು.

ಎಂಜಿನ್ನು ಬಿಚ್ಚಲು ಒಂದೂವರೆ ಗಂಟೆ ಹಿಡಿಯಿತು. ಮೊದಲು ಬೇರಿಂಗು ತೆಗೆಸಿದೆ. ಮೇಡಂ ಬೆಳಕಿಗೆ ಹಿಡಿದು ನೋಡಿದರು.

"ಒಂದು ಗೀರೂ ಇಲ್ಲ," ಎಂದರು.

"ಕೊಳೆ ಇದ್ದಿದ್ರೆ ಇದನ್ನ ಬಿಟ್ಟು ಟ್ಯಾಪೆಟ್ಟನ್ನೇ ಹುಡುಕ್ಕೊಂಡು ಹೋಗುತ್ತಾ ಮೇಡಂ?" ಎಂದೆ.

ಅತ್ತಿಗೆ ಹಲಗೆ ತಂದು ಹಿಡಿದಳು. ಹೆಡ್ ಫಿಟ್ಟರ್ ಒಂದೊಂದೇ ಟ್ಯಾಪೆಟ್ಟು ಎತ್ತಿ ಗುಳಿಗೆ ಇಳಿಸಿದ. ಐದು ಪೂರಾ ತಿಂದುಹೋಗಿದ್ದವು. ಇನ್ನು ಆರು ಟ್ಯಾಪೆಟ್ಟುಗಳಲ್ಲಿ ಆ ನೇರ ಗಾಯ ಶುರುವಾಗಿತ್ತು. ನಾಲ್ಕನೆಯದೊಂದು ಮಾತ್ರ ಮುಖದ ತುಂಬ ಸಣ್ಣ ಬಳೆಗಳ ಗುರುತು ಹೊತ್ತು, ಏನೂ ಆಗದವರ ಹಾಗೆ ಹೊಳೆಯುತ್ತಿತ್ತು.

"ಇದೊಂದು ಯಾಕೆ ಚೆನ್ನಾಗಿದೆ?" ಎಂದರು ಮೇಡಂ.

"ಒಳಬಾಯಿ ನೋಡಿ ಮೇಡಂ. ಚುಕ್ಕಿ ಎಣಿಸಿ."

ಟಾರ್ಚು ತರಿಸಿದರು. ಒಂದನೇ ಮನೆಯಲ್ಲಿದ್ದದ್ದಕ್ಕೆ ಏಳು ಚುಕ್ಕಿ. ಎರಡನೇ ಮನೆಯದಕ್ಕೆ ಹನ್ನೊಂದು. ಮೂರನೇ ಮನೆಯದಕ್ಕೆ ಎರಡು. ನಾಲ್ಕನೇ ಮನೆಯದಕ್ಕೆ ನಾಲ್ಕು. ಮೇಡಂ ಅಲ್ಲಿ ನಿಂತರು. ಮತ್ತೊಮ್ಮೆ ಎಣಿಸಿದರು. ಐದನೇ ಮನೆಯದಕ್ಕೆ ಒಂದು. ಕೊನೆಯವರೆಗೂ ಎಣಿಸಿ ಟಾರ್ಚು ಆರಿಸಿದರು. ಹನ್ನೆರಡರಲ್ಲಿ ಒಂದೇ ಒಂದು, ಅದೂ ಕಣ್ಣುಮುಚ್ಚಿ ಹಾಕುವಾಗ ಅದೃಷ್ಟಕ್ಕೆ, ತನ್ನ ಮನೆಗೆ ಬಂದು ಬದುಕಿಕೊಂಡಿತ್ತು.

"ಇದೆಲ್ಲ ಇವಳು ಆಮೇಲೆ ಹಾಕಿದ ಗುರುತು!" ಎಂದು ಚೀರಿದ ಬಿಳಿಕೋಟು.

"ಎಂಜಿನ್ನು ಬಿಚ್ಚಿದ್ದು ಈಗ ಸಾರ್, ನಿಮ್ಮ ಕಣ್ಣೆದುರಿಗೆ. ಒಳಗೆ ನುಗ್ಗಿ ಗುರುತು ಹಾಕೋಕೆ ನಾನೇನು ಇಲೀನಾ? ನಿಮ್ಮ ಕಿಟಕೀಲಿ ಸುರಿಯೋಕೆ ಮುಂಚೆ ಹಾಕಿದ್ದು. ಟೂಲ್ ರೂಮಿನ ಪುಸ್ತಕದಲ್ಲಿ ಪೆನ್ನು ತಗೊಂಡ ತಾರೀಖಿದೆ."

"ಯಾವುದು ಎಲ್ಲಿದ್ರೇನು? ಎಲ್ಲಾ ಒಂದೇ ನಂಬರಿನ ಪಾರ್ಟು. ಅಳತೆ ಮಿತಿಯೊಳಗೇ ಇತ್ತು."

ಇದಕ್ಕಾಗಿಯೇ ನಾನು ಕಾಯುತ್ತಿದ್ದೆ.

"ನಿಮ್ಮ ಶೂನೂ ಒಂದೇ ನಂಬರು ಅಲ್ವಾ ಸಾರ್? ಎಂಟು. ಮ್ಯಾನೇಜರ್ ಸಾಹೇಬ್ರದೂ ಎಂಟು. ಫಿಟ್ಟರಣ್ಣಂದೂ ಎಂಟು. ಮತ್ಯಾಕೆ ಸಾರ್ ಒಂದೂವರೆ ಗಂಟೆಯಿಂದ ಒಂಟಿ ಕಾಲಲ್ಲಿ ನಿಂತಿದೀರಿ?"

ಮೂವರೂ ಕೆಳಗೆ ನೋಡಿದರು. ಮ್ಯಾನೇಜರರ ಮುಖ ಕೆಂಪಾಯಿತು. ಹೆಡ್ ಫಿಟ್ಟರ್ ತಡೆದುಕೊಳ್ಳಲಾರದೆ ಫಕ್ಕನೆ ನಕ್ಕುಬಿಟ್ಟ. ಮೇಡಂ ಮೂರು ಜೊತೆ ಕಾಲುಗಳನ್ನೂ ಒಂದೊಂದಾಗಿ ನೋಡಿದರು. ನಗಲಿಲ್ಲ, ಆದರೆ ತುಟಿಯ ಕೊನೆ ಅಲುಗಿದ್ದು ನನಗೆ ಕಂಡಿತು.

"ನಿಮಗೆ ಇದು ಗೊತ್ತಿತ್ತಾ?" ಎಂದು ಹೆಡ್ ಫಿಟ್ಟರನನ್ನು ಕೇಳಿದರು.

ಅವನ ನಗು ಇಳಿಯಿತು. "ಗೊತ್ತಿತ್ತು ಮೇಡಂ," ಎಂದ. ಯಾರ ಮುಖವನ್ನೂ ನೋಡದೆ ಮುಂದುವರಿಸಿದ. "ಈ ಅಮ್ಮ ಮೊದಲ ದಿನಾನೇ ಹೇಳಿದ್ಲು. ನಾನೂ ಕೇಳಿಸ್ಕೊಂಡೆ. ಸುಮ್ಮನಿದ್ದೆ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಾನೆಂಥ ಪೆದ್ದಿ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. ಕಾಗದ ವಾಪಸು ಪಡೆಯುತ್ತೇವೆ ಎಂದರು. "ಆಗಿದ್ದು ಆಯ್ತಮ್ಮ. ಕ್ಷಮಿಸಿದೀವಿ. ಹೋಗಿ ಕೆಲಸ ನೋಡ್ಕೊಳ್ಳಿ."

"ಕ್ಷಮಿಸೋಕೆ ನಾನು ಮಾಡಿದ್ದೇನು ಸಾರ್?" ಎಂದಳು ಅತ್ತಿಗೆ.

ಮೇಡಂ ಆಗಲೇ ಮುಂದಿನದಕ್ಕೆ ಹೋಗಿದ್ದರು. ಇನ್ನು ಮೇಲೆ ಸಾಲು ಕೆಡಕೂಡದು, ಹಲಗೆಯಲ್ಲೇ ಪರೀಕ್ಷೆಗೆ ಹೋಗಬೇಕು ಎಂದರು. ಹಲಗೆ ಕಿಟಕಿಯಲ್ಲಿ ಹಿಡಿಸುವುದಿಲ್ಲ ಎಂದ ಬಿಳಿಕೋಟು. ಹಾಗಾದರೆ ಬಾಗಿಲು, ಎಂದೆ ನಾನು. ಬಿಳಿಕೋಟು ಕೋಣೆಯ ನಿಯಮದ ಹಾಳೆ ತೆಗೆದು ತೋರಿಸಿದ. ಮೇಡಂ ಓದಿದರು. ಮೂವರೂ ತಲೆ ತಲೆ ಕೂಡಿಸಿ ಮಾತಾಡಿದರು. ಕೊನೆಗೆ ಮ್ಯಾನೇಜರು ಖುಷಿಯಿಂದ ಕೈತಟ್ಟಿದರು. ಹಲಗೆಯನ್ನು ಕೊಯ್ಯುವುದು. ಗೇಣಿಗಿಂತ ಕಿರಿದಾದ ಆರು ತುಂಡು ಮಾಡುವುದು. ಒಂದೊಂದರಲ್ಲಿ ಎರಡೆರಡು ಟ್ಯಾಪೆಟ್ಟು ಕೂರಿಸುವುದು. ಆಗ ಕಿಟಕಿಯಲ್ಲೇ ತೂರಿಸಬಹುದು! ಬಡಗಿಯನ್ನು ಕರೆಯಲು ಆಳು ಓಡಿದ.

ನೋಡಿ, ಹಲಗೆ ಕೊಯ್ಯುತ್ತಾರಂತೆ. ಎಂಟು ಎಂಜಿನ್ನು ತಿಂದರೂ ಅವರ ಕಿಟಕಿ ಮಾತ್ರ ಗಟ್ಟಿ. ಇಷ್ಟೆಲ್ಲ ಗೆದ್ದು ನಾನು ಏನು ಗೆದ್ದೆ? ನನ್ನ ಚುಕ್ಕಿ, ನನ್ನ ಶೂ, ನನ್ನ ಬಾಯಿ ಎಲ್ಲ ಖಾಲಿಯಾಗಿತ್ತು. ಬಡಗಿ ಗರಗಸ ಹಿಡಿದು ಬಂದ. ತಾನೇ ಮಾಡಿದ ಹಲಗೆಯನ್ನು ನೋಡಿ ಅವನೂ ಮಂಕಾದ.

ಅತ್ತಿಗೆ ಅದನ್ನು ಅವನ ಕೈಗೆ ಕೊಡಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ಎಂಜಿನ್ನಿನ ಟ್ಯಾಪೆಟ್ಟುಗಳು ತೊಳೆದು ಸಾಲಾಗಿದ್ದವು. ಅತ್ತಿಗೆ ಮೂವತ್ತೊಂದರದನ್ನು ಮೇಡಮ್ಮಿನ ಮುಂದಿನ ಮೇಜಿಗೆ ಇಳಿಸಿ, ಆ ಸಾಲನ್ನು ಒಂದೊಂದಾಗಿ ಹಲಗೆಗೆ ಏರಿಸಿದಳು. ಸರಳುಗಳನ್ನು ಮಲಗಿಸಿದಳು. ಎರಡೂ ಕೈಯಲ್ಲಿ ಹಲಗೆ ಎತ್ತಿಕೊಂಡು ನಡೆದಳು. ಅವಸರವಿಲ್ಲ. ತುಂಬಿದ ಸಾರಿನ ಪಾತ್ರೆ ಒಯ್ಯುವವಳ ನಡಿಗೆ. ಗಾಜಿನ ಕೋಣೆಯ ಕಡೆಗೆ.

ಬಿಳಿಕೋಟಿಗೆ ಅರ್ಥವಾಗಿ, ಕುಂಟುತ್ತ ಓಡಿ, ಬಾಗಿಲಿಗೆ ಅಡ್ಡ ನಿಂತ. ಎರಡೂ ಕೈ ಚಾಚಿದ. ನಾನು ಹಿಂದೆಯೇ ಓಡಿದೆ. ಅತ್ತಿಗೆ ನಿಂತಳು. ಹಲಗೆಯ ಅಂಚು ಅವನ ಕೋಟಿಗೆ ಒಂದು ಬೆರಳು ದೂರ.

"ವಾಷಿಂಗು ಒಳಗೆ ಬರೋ ಹಾಗಿಲ್ಲ," ಎಂದ.

"ತಡೀರಿ ಸಾರ್. ತಳ್ಳಿ ಬೇಕಾದ್ರೆ. ಒಂದೇ ಒಂದು ಉರುಳಿದ್ರೂ ನಾಲ್ಕು ತಿಂಗಳಿಗೆ ಬಸ್ಸು ವಾಪಸ್ ಬರುತ್ತೆ. ತಳ್ಳಿದ್ದು ಯಾರು ಅಂತ ಮೇಡಂ ನೋಡ್ತಿದಾರೆ," ಎಂದಳು ಅತ್ತಿಗೆ.

ಬಿಳಿಕೋಟು ಅವಳ ಭುಜದಾಚೆ ನೋಡಿದ. ಮೇಡಂ ಶೆಡ್ಡಿನಲ್ಲೇ ನಿಂತಿದ್ದರು. ಒಳಗೆ ಬಿಡಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಿಳಿಕೋಟಿನ ಕೈ ಹಲಗೆಯತ್ತ ಬಂತು, ನಿಂತಿತು, ಹಿಂದಕ್ಕೆ ಹೋಯಿತು. ಮುಟ್ಟುವ ಧೈರ್ಯವಾಗಲಿಲ್ಲ. ಅವನು ಪಕ್ಕಕ್ಕೆ ಸರಿದ.

ಅತ್ತಿಗೆ ಕಾಲಿನಿಂದ ಬಾಗಿಲು ದೂಡಿ ಒಳಗೆ ಹೋದಳು. ಡೀಸೆಲ್ಲಿನಲ್ಲಿ ನೆಂದ ಬೂಟು ಬಿಳಿಯ ನೆಲದ ಮೇಲೆ ಒಂದೊಂದೇ ಅಚ್ಚು ಬಿಡುತ್ತ ಹೋಯಿತು. ಹಲಗೆಯನ್ನು ಮೇಜಿನ ಮೇಲಿಟ್ಟಳು. ಒಂದು ಟ್ಯಾಪೆಟ್ಟೂ ಅಲುಗಲಿಲ್ಲ.

"ಇಟ್ಟಾಯ್ತಲ್ಲ, ಇನ್ನು ಹೋಗಿ," ಎಂದ ಬಿಳಿಕೋಟು, ಬಾಗಿಲಲ್ಲೇ ನಿಂತು.

"ನೀವು ನೋಡಿ ಮುಗಿಸೋ ತನಕ ಇಲ್ಲೇ ಇರ್ತೀನಿ. ಸಾಲು ಕೆಟ್ರೆ ಯಾರ ಕೈಲಿ ಕೆಟ್ಟಿತು ಅಂತ ನಂಗೂ ಗೊತ್ತಾಗ್ಬೇಕಲ್ಲ."

ಅವನು ಬಂದು ಕೂತ. ಕೋಣೆಯ ಗಾಜಿನ ಹೊರಗೆ ನಾನು, ನಮ್ಮ ಇಬ್ಬರು ಹೆಂಗಸರು, ಬಡಗಿ, ಹೆಡ್ ಫಿಟ್ಟರ್ ಎಲ್ಲ ಮೂಗು ಒತ್ತಿಕೊಂಡು ನಿಂತಿದ್ದೆವು. ಮೊದಲನೇ ಟ್ಯಾಪೆಟ್ಟನ್ನು ಅವನು ಚಿಮುಟದಲ್ಲಿ ಎತ್ತಲು ಹೋದಾಗ ಅದು ಜಾರಿತು. ಚಿಮುಟ ಬಿಟ್ಟು ಬೆರಳಲ್ಲಿ ಎತ್ತಿದ. ಅವಳು ತೊಳೆದದ್ದನ್ನು ಅವನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಅಳೆದ. ಬರೆದುಕೊಂಡ. ಆಮೇಲೆ ಅದನ್ನು ಹಿಡಿದುಕೊಂಡು ಅಭ್ಯಾಸದಂತೆ ಸ್ಟೀಲ್ ಬುಟ್ಟಿಯ ಕಡೆ ಕೈ ಚಾಚಿದ.

"ಅಲ್ಲಲ್ಲ ಸಾರ್. ಎಲ್ಲಿಂದ ತೆಗೆದ್ರೋ ಅಲ್ಲಿ," ಎಂದಳು ಅತ್ತಿಗೆ.

ಅವನು ಅಲ್ಲೇ ಇಟ್ಟ.

"ಹೂಂ. ಎರಡನೇದು ತಗೊಳ್ಳಿ."